ಚಿಟಿಕೆಯಷ್ಟು ಬೆರೆತರೂ ಉಕ್ಕಿಗೆ ಬಲ ತುಂಬುವ ಮಾಲಿಬ್ಡಿನಂ
ತಾಮ್ರದ ಗಣಿಯಿಂದ ಔಷಧ ಕಾರ್ಖಾನೆಯವರೆಗೆ ಅಪರೂಪದ ಲೋಹವೊಂದರ ಪಯಣ

ಸ್ಟೈನ್‌ಲೆಸ್ ಸ್ಟೀಲ್ ಎಂದರೆ ತುಕ್ಕು ಹಿಡಿಯದ ಲೋಹ ಎಂಬುದು ಬಹುಜನರ ನಂಬಿಕೆ. ಆದರೆ ಮುಂಬಯಿಯಂತಹ ಕಡಲತಡಿಯ ನಗರದಲ್ಲಿ ವಾಸಿಸುವವರಿಗೆ ಈ ನಂಬಿಕೆ ಪೂರ್ತಿ ನಿಜವಲ್ಲ ಎಂಬುದು ಅನುಭವದಿಂದಲೇ ಗೊತ್ತು. ಸಮುದ್ರಕ್ಕೆ ಮುಖಮಾಡಿದ ಕಟ್ಟಡಗಳ ಬಾಲ್ಕನಿಯ ಹೊಳೆಯುವ ಸ್ಟೀಲ್ ಕಂಬಿಗಳ ಮೇಲೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಂದು ಚುಕ್ಕೆಗಳು ಮೂಡುತ್ತವೆ. ಅಂಗಡಿಯವನು ಮೋಸ ಮಾಡಿದ ಎಂದು ಗ್ರಾಹಕ ದೂರುತ್ತಾನೆ. ಬಿಲ್ಲಿನಲ್ಲಿ ಬರೆದಂತೆ 304 ಗ್ರೇಡಿನ ಮಾಲನ್ನೇ ಕೊಟ್ಟಿದ್ದೇನೆ ಎಂದು ಅಂಗಡಿಯವನು ವಾದಿಸುತ್ತಾನೆ. ಅನೇಕ ಸಲ ಇಬ್ಬರ ಮಾತೂ ಸರಿಯೇ ಆಗಿರುತ್ತದೆ. ಸಮುದ್ರದ ಉಪ್ಪುಗಾಳಿಯನ್ನು ತಾಳಿಕೊಳ್ಳಲು 304 ಸಾಲದು, 316 ಗ್ರೇಡ್ ಬೇಕು. ಈ ಎರಡರ ನಡುವಿನ ಮುಖ್ಯ ವ್ಯತ್ಯಾಸ ಶೇ. 2ರಿಂದ 3ರಷ್ಟು ಬೆರೆಸುವ ಒಂದು ಲೋಹ. ಅದರ ಹೆಸರೇ ಮಾಲಿಬ್ಡಿನಂ.

ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಮಾಲಿಬ್ಡಿನಂ ಹೆಸರನ್ನು ಕೇಳಿದವರು ವಿರಳ. ಆದರೂ ಲೇತ್ ಕಾರ್ಖಾನೆ, ವಿದ್ಯುತ್ ಸ್ಥಾವರ, ತೈಲ ಶುದ್ಧೀಕರಣಾಗಾರ, ಔಷಧ ಕಾರ್ಖಾನೆ, ಆಸ್ಪತ್ರೆ ಹೀಗೆ ಎಲ್ಲೆಡೆಯೂ ಅದು ಕಣ್ಣಿಗೆ ಕಾಣದಂತೆ ದುಡಿಯುತ್ತಿದೆ. ಅಡುಗೆಯಲ್ಲಿ ಉಪ್ಪು ಇದ್ದಾಗ ಯಾರೂ ಅದನ್ನು ನೆನೆಯುವುದಿಲ್ಲ, ಇಲ್ಲದಿದ್ದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ಮಾಲಿಬ್ಡಿನಂ ಕಥೆಯೂ ಇಂಥದ್ದೇ. ಈ ಲೋಹಕ್ಕಾಗಿ ನಮ್ಮ ದೇಶ ಬಹುತೇಕ ಸಂಪೂರ್ಣವಾಗಿ ವಿದೇಶಗಳನ್ನೇ ಅವಲಂಬಿಸಿದೆ ಎಂಬುದು ಯೋಚಿಸಬೇಕಾದ ಸಂಗತಿ.

ಹೆಸರೇ ಒಂದು ತಪ್ಪು ತಿಳಿವಳಿಕೆ

ಮಾಲಿಬ್ಡಿನಂ ಎಂಬ ಹೆಸರು ಸೀಸ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಇದರ ಮುಖ್ಯ ಅದಿರು ಮಾಲಿಬ್ಡಿನೈಟ್. ಅದು ಬೂದುಬಣ್ಣದ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುವ, ಜಿಡ್ಡುಜಿಡ್ಡಾದ ಖನಿಜ. ಹಿಂದಿನ ಕಾಲದಲ್ಲಿ ಇದನ್ನು ಸೀಸದ ಅದಿರೆಂದೂ, ಪೆನ್ಸಿಲ್ಲಿಗೆ ಬಳಸುವ ಗ್ರಾಫೈಟ್ ಎಂದೂ ತಪ್ಪು ತಿಳಿಯಲಾಗಿತ್ತು. 1778ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಇದು ಸೀಸವೂ ಅಲ್ಲ, ಗ್ರಾಫೈಟೂ ಅಲ್ಲ, ಇದರಲ್ಲಿ ಬೇರೆಯೇ ಒಂದು ಧಾತುವಿದೆ ಎಂದು ತೋರಿಸಿಕೊಟ್ಟರು. 1781ರಲ್ಲಿ ಅದೇ ದೇಶದ ಪೀಟರ್ ಯಾಕೋಬ್ ಯೆಲ್ಮ್ ಅದರಿಂದ ಲೋಹವನ್ನು ಬೇರ್ಪಡಿಸಿದರು.

ಸೀಸವನ್ನು ಸಾಮಾನ್ಯ ಒಲೆಯ ಬೆಂಕಿಯಲ್ಲೇ ಕರಗಿಸಬಹುದು. ಮಾಲಿಬ್ಡಿನಂ ಕರಗಬೇಕಾದರೆ ಸುಮಾರು 2,620 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕಬ್ಬಿಣಕ್ಕೆ ಬೇಕಾದುದಕ್ಕಿಂತ ಇದು ಸಾವಿರ ಡಿಗ್ರಿಗೂ ಹೆಚ್ಚು. ಶಾಖಕ್ಕೆ ಜಗ್ಗದ ಈ ಸ್ವಭಾವವೇ ಅದರ ದೊಡ್ಡ ಗುಣ.

ಯುದ್ಧದಿಂದ ಬೆಳೆದ ಬೇಡಿಕೆ

ಲೋಹ ಪತ್ತೆಯಾಗಿ ನೂರು ವರ್ಷ ಕಳೆದರೂ ಅದರಿಂದ ಏನು ಮಾಡಬೇಕೆಂಬುದು ಯಾರಿಗೂ ತೋಚಿರಲಿಲ್ಲ. 1891ರಲ್ಲಿ ಫ್ರಾನ್ಸಿನ ಶ್ನೈಡರ್ ಕಂಪನಿ ಯುದ್ಧ ಕವಚದ ಉಕ್ಕಿನಲ್ಲಿ ಇದನ್ನು ಬೆರೆಸಿ ನೋಡಿತು. ಒಂದನೇ ಮಹಾಯುದ್ಧದ ಕಾಲಕ್ಕೆ ಟಂಗ್‌ಸ್ಟನ್ ಲೋಹದ ಕೊರತೆ ಉಂಟಾದಾಗ ಎಲ್ಲರ ಕಣ್ಣು ಮಾಲಿಬ್ಡಿನಂ ಕಡೆಗೆ ಹೊರಳಿತು. ಮಾಲಿಬ್ಡಿನಂ ಪರಮಾಣುವಿನ ತೂಕ ಟಂಗ್‌ಸ್ಟನ್ ಪರಮಾಣುವಿನ ತೂಕದ ಹೆಚ್ಚುಕಡಿಮೆ ಅರ್ಧ. ಹೀಗಾಗಿ ಉಪಕರಣಗಳ ಉಕ್ಕಿನಲ್ಲಿ ಎರಡು ಕಿಲೋ ಟಂಗ್‌ಸ್ಟನ್ ಮಾಡುವ ಕೆಲಸವನ್ನು ಸುಮಾರು ಒಂದು ಕಿಲೋ ಮಾಲಿಬ್ಡಿನಂ ಮಾಡಿಬಿಡುತ್ತದೆ.

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ 11,000 ಅಡಿಗೂ ಎತ್ತರದ ಪರ್ವತದಲ್ಲಿರುವ ಕ್ಲೈಮಾಕ್ಸ್ ಗಣಿ ಈ ಲೋಹದ ಇತಿಹಾಸದಲ್ಲಿ ಪ್ರಸಿದ್ಧವಾದುದು. ಒಂದನೇ ಮಹಾಯುದ್ಧದ ಸಮಯದಲ್ಲಿ ಅಲ್ಲಿ ಕೆಲಸ ಶುರುವಾಯಿತು. ಯುದ್ಧ ಮುಗಿದೊಡನೆ ಬೇಡಿಕೆ ಕುಸಿದು 1919ರಲ್ಲಿ ಗಣಿ ಮುಚ್ಚಿತು. ಮೋಟಾರು ವಾಹನಗಳ ಉಕ್ಕಿಗೆ ಮಾಲಿಬ್ಡಿನಂ ಒಳ್ಳೆಯದೆಂದು ಖಾತ್ರಿಯಾದ ಮೇಲೆ 1924ರಲ್ಲಿ ಮತ್ತೆ ತೆರೆಯಿತು. ಬಳಿಕ ದಶಕಗಳ ಕಾಲ ಜಗತ್ತಿನ ಮಾಲಿಬ್ಡಿನಂ ಮಾರುಕಟ್ಟೆಯನ್ನು ಆಳಿದ್ದು ಇದೇ ಗಣಿ. 1980ರ ದಶಕದಲ್ಲಿ ಉಕ್ಕು ಉದ್ಯಮದ ಹಿನ್ನಡೆಯಿಂದಲೂ, ತಾಮ್ರದ ಗಣಿಗಳಿಂದ ಬರುತ್ತಿದ್ದ ಅಗ್ಗದ ಮಾಲಿಬ್ಡಿನಂನಿಂದಲೂ ಪೆಟ್ಟು ತಿಂದು, ಕುಂಟುತ್ತಾ ನಡೆದು 1995ರಲ್ಲಿ ನಿಂತಿತು. 2012ರಲ್ಲಿ ಪುನಃ ಬಾಗಿಲು ತೆರೆಯಿತು. ಈ ಏಳುಬೀಳುಗಳನ್ನು ನೋಡಿದರೆ ಮಾಲಿಬ್ಡಿನಂ ವ್ಯಾಪಾರದ ಸ್ವಭಾವ ಅರ್ಥವಾಗುತ್ತದೆ.

ನೊರೆಯಲ್ಲಿ ತೇಲಿಬರುವ ಅದಿರು

ಮಾಲಿಬ್ಡಿನಂ ಎರಡು ಬಗೆಯ ಗಣಿಗಳಿಂದ ಬರುತ್ತದೆ. ಕ್ಲೈಮಾಕ್ಸ್‌ನಂತೆ ಈ ಲೋಹಕ್ಕಾಗಿಯೇ ಅಗೆಯುವ ಗಣಿಗಳು ಒಂದು ಬಗೆ. ಚಿಲಿ, ಪೆರು ದೇಶಗಳಲ್ಲಿರುವಂತೆ ತಾಮ್ರಕ್ಕಾಗಿ ಅಗೆಯುವಾಗ ಜೊತೆಯಲ್ಲಿ ಸಿಗುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಒಂದು ಟನ್ ಕಲ್ಲಿಗೆ ಸಾಮಾನ್ಯವಾಗಿ ಒಂದರಿಂದ ಮೂರು ಕಿಲೋ ಮಾಲಿಬ್ಡಿನಂ ಇರುತ್ತದೆ. ತಾಮ್ರದ ಗಣಿಗಳಲ್ಲಾದರೆ ಒಂದು ಟನ್ ಕಲ್ಲಿನಲ್ಲಿ ಕೆಲವು ನೂರು ಗ್ರಾಂ ಸಿಕ್ಕರೆ ಹೆಚ್ಚು.

ಇಷ್ಟು ಕಡಿಮೆ ಪ್ರಮಾಣದ ಲೋಹವನ್ನು ಬೇರ್ಪಡಿಸುವ ವಿಧಾನ ಕುತೂಹಲಕರವಾದುದು. ಮೊದಲು ಕಲ್ಲನ್ನು ಒಡೆದು, ಉಕ್ಕಿನ ಗುಂಡುಗಳಿರುವ ದೊಡ್ಡ ಗಿರಣಿಗಳಲ್ಲಿ ನೀರಿನೊಂದಿಗೆ ಹಿಟ್ಟಿನಂತೆ ಅರೆಯುತ್ತಾರೆ. ಮಾಲಿಬ್ಡಿನೈಟ್ ಖನಿಜಕ್ಕೆ ನೀರು ಅಂಟುವುದಿಲ್ಲ, ಎಣ್ಣೆ ಅಂಟುತ್ತದೆ. ಆದ್ದರಿಂದ ಅರೆದ ಕೆಸರಿಗೆ ಸ್ವಲ್ಪ ಡೀಸೆಲ್‌ನಂತಹ ಎಣ್ಣೆ ಮತ್ತು ನೊರೆ ಬರಿಸುವ ದ್ರವ ಬೆರೆಸಿ, ಅಡಿಯಿಂದ ಗಾಳಿ ಊದುತ್ತಾರೆ. ಖನಿಜದ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ಮೇಲೆ ತೇಲಿಬರುತ್ತವೆ, ಬೇಡವಾದ ಕಲ್ಲಿನ ಪುಡಿ ಕೆಳಗೆ ಉಳಿಯುತ್ತದೆ. ತಾಮ್ರದ ಅದಿರೂ ನೊರೆಯಲ್ಲಿ ತೇಲುವುದರಿಂದ, ಅದನ್ನು ತೇಲದಂತೆ ತಡೆಯುವ ರಾಸಾಯನಿಕ ಹಾಕಿ ಎರಡನ್ನೂ ಬೇರೆ ಮಾಡುತ್ತಾರೆ. ಹೀಗೆ ಮತ್ತೆ ಮತ್ತೆ ಅರೆದು, ತೇಲಿಸಿ, ಕೊನೆಗೆ ಶೇ. 85ರಿಂದ 90ರಷ್ಟು ಶುದ್ಧವಾದ ಮಾಲಿಬ್ಡಿನೈಟ್ ಪುಡಿಯನ್ನು ಪಡೆಯಲಾಗುತ್ತದೆ.

ಈ ಪುಡಿಯಲ್ಲಿ ಗಂಧಕ ಸೇರಿರುತ್ತದೆ. ಒಂದರ ಮೇಲೊಂದು ಅಂತಸ್ತುಗಳಿರುವ ಎತ್ತರದ ಕುಲುಮೆಯಲ್ಲಿ ಅದನ್ನು 500ರಿಂದ 650 ಡಿಗ್ರಿ ಶಾಖದಲ್ಲಿ ಹುರಿಯುತ್ತಾರೆ. ಗಂಧಕ ಅನಿಲವಾಗಿ ಹೊರಹೋಗುತ್ತದೆ. ಅದನ್ನು ಗಾಳಿಗೆ ಬಿಟ್ಟರೆ ಊರಿಗೇ ವಿಷ. ಹಾಗಾಗಿ ಹಿಡಿದು ಗಂಧಕಾಮ್ಲವಾಗಿ ಪರಿವರ್ತಿಸಿ ಮಾರುತ್ತಾರೆ. ಅದೇ ಹೊಗೆಯಿಂದ ರೀನಿಯಂ ಎಂಬ ಮತ್ತೊಂದು ಅತಿ ವಿರಳ ಲೋಹವನ್ನೂ ಸಂಗ್ರಹಿಸಲಾಗುತ್ತದೆ. ಜೆಟ್ ವಿಮಾನದ ಎಂಜಿನ್ನಿನ ಅಲಗುಗಳಿಗೆ ಅದು ಬೇಕೇ ಬೇಕು.

ಹುರಿದ ಮೇಲೆ ಉಳಿಯುವುದು ಮಾಲಿಬ್ಡಿನಂ ಆಕ್ಸೈಡ್. ಇದರ ದೊಡ್ಡ ಪಾಲು ನೇರವಾಗಿ ಉಕ್ಕಿನ ಕುಲುಮೆಗೆ ಹೋಗುತ್ತದೆ. ಇನ್ನೊಂದು ಪಾಲನ್ನು ಕಬ್ಬಿಣ, ಸಿಲಿಕಾನ್, ಅಲ್ಯೂಮಿನಿಯಂ ಪುಡಿಗಳೊಂದಿಗೆ ಬೆರೆಸಿ ಉರಿಸಿದರೆ ಫೆರೋ ಮಾಲಿಬ್ಡಿನಂ ದೊರೆಯುತ್ತದೆ. ಶುದ್ಧ ಲೋಹವೇ ಬೇಕಾದರೆ ಆಕ್ಸೈಡನ್ನು ಮತ್ತಷ್ಟು ಶುದ್ಧಗೊಳಿಸಿ ಜಲಜನಕದಲ್ಲಿ ಕಾಯಿಸುತ್ತಾರೆ. ಆಗ ಸಿಗುವುದು ಲೋಹದ ಪುಡಿ. ಕರಗಿಸುವುದು ಕಷ್ಟವಾದ್ದರಿಂದ ಪುಡಿಯನ್ನೇ ಒತ್ತಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಹಳೆಯ ವಿದ್ಯುತ್ ಬಲ್ಬಿನೊಳಗೆ ಟಂಗ್‌ಸ್ಟನ್ ತಂತಿಯನ್ನು ಹಿಡಿದು ನಿಲ್ಲಿಸುತ್ತಿದ್ದ ಸಣ್ಣ ಕೊಂಡಿಗಳು ಇಂಥ ಲೋಹದವು.

ಎಲ್ಲೆಲ್ಲಿ ಬಳಕೆ

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಟನ್‌ಗಿಂತ ಹೆಚ್ಚು ಮಾಲಿಬ್ಡಿನಂ ಉತ್ಪಾದನೆಯಾಗುತ್ತದೆ. ಅದರ ಮುಕ್ಕಾಲು ಪಾಲಿಗೂ ಮಿಗಿಲಾದುದು ಉಕ್ಕು ಮತ್ತು ಎರಕದ ಕಬ್ಬಿಣಕ್ಕೇ ಮೀಸಲು.

ಲೇತ್ ಮತ್ತು ಮೆಷಿನ್ ಶಾಪ್‌ಗಳಲ್ಲಿ ದುಡಿದವರಿಗೆ ಇಎನ್ 19, ಇಎನ್ 24 ಎಂಬ ಹೆಸರುಗಳು ಚಿರಪರಿಚಿತ. ಶಾಫ್ಟ್, ಗೇರ್, ಬೋಲ್ಟ್‌ಗಳಿಗೆ ಬಳಸುವ ಈ ಉಕ್ಕುಗಳಲ್ಲಿ ಮಾಲಿಬ್ಡಿನಂ ಇರುವುದು ಶೇ. ಅರ್ಧಕ್ಕಿಂತಲೂ ಕಡಿಮೆ. ಆದರೂ ದಪ್ಪ ಶಾಫ್ಟನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಮೇಲ್ಮೈ ಮಾತ್ರವಲ್ಲ, ಒಳಗಿನವರೆಗೂ ಗಡಸುತನ ಇಳಿಯುವುದಕ್ಕೆ ಅದು ನೆರವಾಗುತ್ತದೆ. ನಾಡಿನ ಹೆಮ್ಮೆಯಾಗಿದ್ದ ಭದ್ರಾವತಿಯ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆ ಒಂದು ಕಾಲದಲ್ಲಿ ಹೆಸರು ಮಾಡಿದ್ದು ಇಂಥ ಮಿಶ್ರಲೋಹ ಉಕ್ಕುಗಳಿಗಾಗಿಯೇ. ಹೈ ಸ್ಪೀಡ್ ಸ್ಟೀಲ್ ಎನ್ನುವ ಡ್ರಿಲ್ ಬಿಟ್‌ಗಳ ಉಕ್ಕಿನಲ್ಲಿ ಹಿಂದೆ ಶೇ. 18ರಷ್ಟು ಟಂಗ್‌ಸ್ಟನ್ ಹಾಕುತ್ತಿದ್ದರು. ಈಗ ಹೆಚ್ಚು ಚಾಲ್ತಿಯಲ್ಲಿರುವ ಎಂ2 ಗ್ರೇಡಿನಲ್ಲಿ ಶೇ. 6ರಷ್ಟು ಟಂಗ್‌ಸ್ಟನ್, ಶೇ. 5ರಷ್ಟು ಮಾಲಿಬ್ಡಿನಂ ಸಾಕಾಗುತ್ತದೆ.

ಉಷ್ಣ ವಿದ್ಯುತ್ ಸ್ಥಾವರಗಳ ಬಾಯ್ಲರ್ ಕೊಳವೆಗಳು 500 ಡಿಗ್ರಿಗೂ ಮಿಕ್ಕಿದ ಹಬೆಯನ್ನು ಭಾರೀ ಒತ್ತಡದಲ್ಲಿ ಹಗಲಿರುಳು ಹೊತ್ತಿರುತ್ತವೆ. ಅಂಥ ಶಾಖದಲ್ಲಿ ಸಾದಾ ಉಕ್ಕು ವರ್ಷಗಳು ಉರುಳಿದಂತೆ ನಿಧಾನವಾಗಿ ಹಿಗ್ಗಿ, ಒಂದು ದಿನ ಬಿರಿಯುತ್ತದೆ. ಕ್ರೋಮಿಯಂ ಜೊತೆಗೆ ಶೇ. 1ರಷ್ಟು ಮಾಲಿಬ್ಡಿನಂ ಬೆರೆಸಿದ ಉಕ್ಕು ಇದನ್ನು ತಡೆಯುತ್ತದೆ. ಬಾಯ್ಲರ್ ಬಳಿ ಕೆಲಸ ಮಾಡುವವರ ಜೀವ ಉಳಿಯುವುದರಲ್ಲಿ ಈ ಒಂದು ಶೇಕಡಾದ ಪಾತ್ರ ದೊಡ್ಡದು.

ವಾಹನ ಇಂಧನದ ಕಥೆ ಇನ್ನೂ ಸ್ವಾರಸ್ಯಕರ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್ 6 ಇಂಧನ ಜಾರಿಗೆ ಬಂತು. ಹತ್ತು ಲಕ್ಷ ಭಾಗ ಡೀಸೆಲ್‌ನಲ್ಲಿ 50 ಭಾಗದವರೆಗೆ ಇರಬಹುದಾಗಿದ್ದ ಗಂಧಕವನ್ನು 10 ಭಾಗಕ್ಕೆ ಇಳಿಸಬೇಕಾಯಿತು. ಈ ಗಂಧಕವನ್ನು ತೆಗೆಯುವ ವೇಗವರ್ಧಕಗಳು ಕೋಬಾಲ್ಟ್ ಅಥವಾ ನಿಕ್ಕಲ್ ಜೊತೆ ಮಾಲಿಬ್ಡಿನಂ ಸೇರಿಸಿ ಮಾಡಿದವು. ಮುಂಬಯಿಯ ಮಾಹುಲ್ ಇರಲಿ, ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಇರಲಿ, ಇಂದಿನ ಯಾವುದೇ ತೈಲ ಶುದ್ಧೀಕರಣಾಗಾರ ಗಂಧಕ ತೆಗೆಯಲು ಇಂಥ ವೇಗವರ್ಧಕಗಳನ್ನೇ ನೆಚ್ಚಿಕೊಂಡಿದೆ. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಹೊಗೆಯಲ್ಲಿ ಗಂಧಕ ಕಡಿಮೆಯಾಗಿದ್ದರೆ ಅದರಲ್ಲಿ ಮಾಲಿಬ್ಡಿನಂ ಪಾಲೂ ಇದೆ.

ಗ್ಯಾರೇಜಿನವರು ಬಳಸುವ ಕಪ್ಪು ಬಣ್ಣದ ಮಾಲಿ ಗ್ರೀಸಿನಲ್ಲಿರುವುದು ಶುದ್ಧೀಕರಿಸಿದ ಮಾಲಿಬ್ಡಿನೈಟ್ ಪುಡಿ. ಇಸ್ಪೀಟು ಎಲೆಗಳ ಕಟ್ಟಿನಂತೆ ಪದರ ಪದರವಾಗಿರುವ ಈ ವಸ್ತು, ಒಂದು ಪದರ ಇನ್ನೊಂದರ ಮೇಲೆ ಸುಲಭವಾಗಿ ಜಾರುವುದರಿಂದ ಸವೆತವನ್ನು ತಪ್ಪಿಸುತ್ತದೆ. ಎಣ್ಣೆ ನಿಲ್ಲದ ಬಾಹ್ಯಾಕಾಶದಲ್ಲೂ ಕೆಲಸ ಮಾಡಬಲ್ಲದಾದ್ದರಿಂದ ಉಪಗ್ರಹಗಳ ಚಲಿಸುವ ಭಾಗಗಳಿಗೂ ಇದನ್ನೇ ಬಳಿಯುತ್ತಾರೆ.

ಹೊಲಕ್ಕೂ ಈ ಧಾತು ಬೇಕು. ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಲು ಅತ್ಯಲ್ಪ ಮಾಲಿಬ್ಡಿನಂ ಅವಶ್ಯ. ಕರಾವಳಿಯಂತಹ ಹುಳಿ ಮಣ್ಣಿನಲ್ಲಿ ಅದು ಬೆಳೆಗೆ ಸುಲಭವಾಗಿ ದಕ್ಕುವುದಿಲ್ಲ. ಮಣ್ಣಿಗೆ ಸುಣ್ಣ ಹಾಕುವ ಪದ್ಧತಿಯಿಂದ ಆಗುವ ಲಾಭಗಳಲ್ಲಿ ಇದನ್ನು ಬಿಡಿಸಿಕೊಡುವುದೂ ಒಂದು.

ಆಸ್ಪತ್ರೆಯಲ್ಲಿ 66 ಗಂಟೆಗಳ ಲೆಕ್ಕ

ಹೃದಯ, ಮೂಳೆ, ಮೂತ್ರಪಿಂಡಗಳ ಸ್ಕ್ಯಾನ್ ಮಾಡುವ ಪರಮಾಣು ವೈದ್ಯ ವಿಭಾಗಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ವಸ್ತು ಟೆಕ್ನೀಷಿಯಂ 99ಎಂ. ಆರು ಗಂಟೆಗಳಲ್ಲಿ ಅದರ ಅರ್ಧ ಶಕ್ತಿ ಕುಂದುವುದರಿಂದ ದಾಸ್ತಾನು ಇಡಲು ಬರುವುದಿಲ್ಲ. ಹಾಗಾಗಿ ಅದಕ್ಕೆ ಜನ್ಮ ಕೊಡುವ ವಿಕಿರಣಶೀಲ ಮಾಲಿಬ್ಡಿನಂ 99 ಅನ್ನು ಸೀಸದ ಕವಚದ ಪೆಟ್ಟಿಗೆಯಲ್ಲಿ ಆಸ್ಪತ್ರೆಗೆ ತರುತ್ತಾರೆ. ಆಕಳಿನಿಂದ ಹಾಲು ಕರೆದಂತೆ ದಿನವೂ ಅದರಿಂದ ಟೆಕ್ನೀಷಿಯಂ ಪಡೆಯುತ್ತಾರೆ. ಈ ಮಾಲಿಬ್ಡಿನಂನ ಅರ್ಧಾಯುಷ್ಯವೂ ಕೇವಲ 66 ಗಂಟೆ. ಪ್ರತಿ ವಾರ ಹೊಸದು ಬರಲೇಬೇಕು.

ಇದು ಗಣಿಯಿಂದ ನೇರವಾಗಿ ಬರುವುದಲ್ಲ, ಪರಮಾಣು ರಿಯಾಕ್ಟರುಗಳಲ್ಲಿ ತಯಾರಾಗುವಂಥದ್ದು. ಜಗತ್ತಿನ ಬೇಡಿಕೆಯನ್ನು ಪೂರೈಸುವ ರಿಯಾಕ್ಟರುಗಳು ಬೆರಳೆಣಿಕೆಯಷ್ಟು. 2009ರ ಮೇ ತಿಂಗಳಲ್ಲಿ ಕೆನಡಾದ ಚಾಕ್ ರಿವರ್ ರಿಯಾಕ್ಟರ್ ಸೋರಿಕೆಯಿಂದ ನಿಂತು, 2010ರಲ್ಲಿ ನೆದರ್ಲೆಂಡ್ಸಿನ ಪೆಟ್ಟನ್ ರಿಯಾಕ್ಟರೂ ದುರಸ್ತಿಗಾಗಿ ನಿಂತಾಗ ಹಲವು ದೇಶಗಳಲ್ಲಿ ರೋಗಿಗಳ ತಪಾಸಣೆಗಳನ್ನು ಮುಂದೂಡಬೇಕಾಯಿತು. ಭಾರತದಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ಧ್ರುವ ರಿಯಾಕ್ಟರಿನಲ್ಲಿ ಇದನ್ನು ತಯಾರಿಸಲಾಗುತ್ತಿದ್ದು, ನವಿಮುಂಬಯಿಯ ವಾಶಿಯಲ್ಲಿರುವ ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿ ಆಸ್ಪತ್ರೆಗಳಿಗೆ ಐಸೊಟೋಪ್‌ಗಳನ್ನು ಪೂರೈಸುತ್ತದೆ.

ತಾಮ್ರದ ಬಾಲ ಹಿಡಿದ ದರ

ಮಾಲಿಬ್ಡಿನಂ ಉತ್ಪಾದನೆಯಲ್ಲಿ ಚೀನಾ ಮೊದಲ ಸ್ಥಾನದಲ್ಲಿದ್ದು, ಜಗತ್ತಿನ ಸುಮಾರು ಶೇ. 40ರಷ್ಟು ಪಾಲು ಅಲ್ಲಿಂದಲೇ ಬರುತ್ತದೆ. ನಂತರದ ಸ್ಥಾನಗಳಲ್ಲಿ ಚಿಲಿ, ಪೆರು ಮತ್ತು ಅಮೆರಿಕ ಇವೆ. ಚೀನಾದ ಹೊರಗೆ ಉತ್ಪಾದನೆಯ ಹೆಚ್ಚಿನ ಭಾಗ ತಾಮ್ರದ ಉಪ ಉತ್ಪನ್ನ. ಇಲ್ಲಿಯೇ ಇರುವುದು ತೊಡಕು. ಮಾಲಿಬ್ಡಿನಂಗೆ ಬೇಡಿಕೆ ಏರಿತೆಂದು ತಾಮ್ರದ ಗಣಿಯವರು ಹೆಚ್ಚು ಅಗೆಯುವುದಿಲ್ಲ, ಇಳಿಯಿತೆಂದು ನಿಲ್ಲಿಸುವುದೂ ಇಲ್ಲ. ಅವರ ಕಣ್ಣಿರುವುದು ತಾಮ್ರದ ದರದ ಮೇಲೆ. ಹೀಗಾಗಿ ಮಾಲಿಬ್ಡಿನಂ ದರ ಸಂತುಲನ ತಪ್ಪಿದ ತಕ್ಕಡಿಯಂತೆ ಓಲಾಡುತ್ತದೆ.

2003ರಲ್ಲಿ ಪೌಂಡಿಗೆ 5 ಡಾಲರ್ ಆಸುಪಾಸಿನಲ್ಲಿದ್ದ ಆಕ್ಸೈಡ್ ದರ 2005ರ ಮಧ್ಯಭಾಗದಲ್ಲಿ 40 ಡಾಲರ್ ಸಮೀಪ ತಲುಪಿತು. 2008ರ ಆರ್ಥಿಕ ಕುಸಿತದ ವೇಳೆ 30 ಡಾಲರ್‌ಗೂ ಮೇಲಿದ್ದದ್ದು ಕೆಲವೇ ವಾರಗಳಲ್ಲಿ 10 ಡಾಲರ್‌ಗಿಂತ ಕೆಳಗಿಳಿಯಿತು. 2023ರ ಆರಂಭದಲ್ಲಿ ಮತ್ತೆ 35 ಡಾಲರ್ ದಾಟಿತು. ಲಂಡನ್ ಮೆಟಲ್ ಎಕ್ಸ್‌ಚೇಂಜ್ 2010ರಲ್ಲಿ ಮಾಲಿಬ್ಡಿನಂ ವಾಯಿದೆ ವ್ಯಾಪಾರ ಆರಂಭಿಸಿದರೂ ಈ ಏರಿಳಿತ ನಿಂತಿಲ್ಲ. ದೊಡ್ಡ ಕಂಪನಿಗಳು ಹೇಗೋ ಸಹಿಸಿಕೊಳ್ಳುತ್ತವೆ. ಮೂರು ತಿಂಗಳ ಹಿಂದೆ ದರ ಒಪ್ಪಿಕೊಂಡು ಆರ್ಡರ್ ಪಡೆದ ಸಣ್ಣ ಫ್ಯಾಬ್ರಿಕೇಷನ್ ಘಟಕದವನಿಗೆ 316 ಶೀಟಿನ ಬೆಲೆ ಏರಿದರೆ ಲಾಭವೆಲ್ಲ ಅಲ್ಲೇ ಕರಗಿಹೋಗುತ್ತದೆ.

ಭಾರತದಲ್ಲಿ ಮಾಲಿಬ್ಡಿನಂ ಅದಿರು ಇಲ್ಲವೆಂದಲ್ಲ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಹರೂರು ಪ್ರದೇಶ, ಮಧ್ಯಪ್ರದೇಶದ ಮಲಾಂಜ್‌ಖಂಡ್ ತಾಮ್ರದ ಗಣಿ ಪ್ರದೇಶಗಳಲ್ಲಿ ನಿಕ್ಷೇಪಗಳಿವೆ. ಕರ್ನಾಟಕದಲ್ಲೂ ಅಲ್ಪ ಪ್ರಮಾಣ ದಾಖಲಾಗಿದೆ. ಹಿಂದೆ ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಿಂದ ಉಪ ಉತ್ಪನ್ನವಾಗಿ ಆಗಾಗ ಸ್ವಲ್ಪ ತೆಗೆದದ್ದೂ ಉಂಟು. ಆದರೆ ದೇಶದ ಉಕ್ಕಿನ ಹಸಿವಿಗೆ ಇದು ಅರೆಕಾಸಿನ ಮಜ್ಜಿಗೆ. 2023ರ ಜೂನ್‌ನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ 30 ಮಹತ್ವದ ಖನಿಜಗಳ ಪಟ್ಟಿಯಲ್ಲಿ ಮಾಲಿಬ್ಡಿನಂ ಸ್ಥಾನ ಪಡೆಯಿತು. 2025ರ ಫೆಬ್ರವರಿಯಲ್ಲಿ ಚೀನಾ ಟಂಗ್‌ಸ್ಟನ್ ಮುಂತಾದವುಗಳ ಜೊತೆಗೆ ಮಾಲಿಬ್ಡಿನಂನ ಕೆಲವು ಉತ್ಪನ್ನಗಳ ರಫ್ತಿಗೂ ನಿಯಂತ್ರಣ ಹೇರಿದಾಗ, ಹೊರಗಿನವರನ್ನೇ ನಂಬಿ ಕೂರುವುದರ ಅಪಾಯ ಎದ್ದು ಕಂಡಿತು.

ಗುಜರಿಯಲ್ಲೇ ಇದೆ ಗಣಿ

ಹೊಸ ಗಣಿ ತೆರೆಯಲು ವರ್ಷಗಳೇ ಬೇಕು. ಆದರೆ ಕೈಯಲ್ಲಿರುವುದನ್ನು ಕಳೆದುಕೊಳ್ಳದಿರುವುದು ಇಂದೇ ಸಾಧ್ಯ. ಒಂದು ಟನ್ 316 ಸ್ಟೀಲಿನಲ್ಲಿ 20 ಕಿಲೋಗೂ ಹೆಚ್ಚು ಮಾಲಿಬ್ಡಿನಂ ಇರುತ್ತದೆ. ಟನ್ನಿಗೆ 200 ಗ್ರಾಂ ಸಿಗುವ ತಾಮ್ರದ ಗಣಿಯಿಂದ ಅಷ್ಟನ್ನು ಪಡೆಯಲು 100 ಟನ್ ಕಲ್ಲು ಅರೆಯಬೇಕು. ಜಗತ್ತಿನಲ್ಲಿ ಬಳಕೆಯಾಗುವ ಮಾಲಿಬ್ಡಿನಂನ ಸುಮಾರು ಕಾಲು ಭಾಗ ಈಗಾಗಲೇ ಗುಜರಿ ಉಕ್ಕಿನಿಂದಲೇ ಬರುತ್ತಿದೆ. ನಮ್ಮ ಗುಜರಿ ಅಂಗಡಿಗಳಲ್ಲಿ ಮಾತ್ರ 304, 316 ಎಲ್ಲವೂ ಒಂದೇ ರಾಶಿಗೆ ಬೀಳುವುದು ಸಾಮಾನ್ಯ. ಕಣ್ಣಿಗಾಗಲಿ, ಆಯಸ್ಕಾಂತಕ್ಕಾಗಲಿ ಇವೆರಡರ ಭೇದ ಗೊತ್ತಾಗುವುದಿಲ್ಲ. ರಾಶಿ ಬೆರೆತರೆ ಬೆಲೆಬಾಳುವ ಲೋಹ ಅಗ್ಗದ ಉಕ್ಕಿನಲ್ಲಿ ಕರಗಿ ವ್ಯರ್ಥವಾಗುತ್ತದೆ, ಮಾರಿದವನಿಗೂ ನಷ್ಟ.

ಭೇದ ತಿಳಿಯುವ ಉಪಾಯಗಳು ಕಷ್ಟವೇನಲ್ಲ. ಮಾಲಿಬ್ಡಿನಂ ಇದ್ದರೆ ಬಣ್ಣ ತೋರಿಸುವ ಪರೀಕ್ಷಾ ದ್ರವದ ಒಂದೆರಡು ಹನಿಗಳಿಂದ ನಿಮಿಷಗಳಲ್ಲಿ ತಿಳಿಯಬಹುದು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರವಾದರೆ ಯಾವ ಲೋಹ ಶೇಕಡಾ ಎಷ್ಟಿದೆ ಎಂಬುದನ್ನು ಕೆಲವೇ ಸೆಕೆಂಡುಗಳಲ್ಲಿ ತೋರಿಸುತ್ತದೆ. ಹೊಸ ಮಾಲು ಖರೀದಿಸುವವರು ಬಾಯಿಮಾತನ್ನು ನಂಬದೆ, ತಯಾರಕರ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯುವುದು ಒಳ್ಳೆಯದು. ಮನೆಯೊಳಗಿನ ಪಾತ್ರೆಗಳಿಗೆ, ಹೋಟೆಲಿನ ಸಾಮಾನ್ಯ ಮೇಜು ಸಿಂಕುಗಳಿಗೆ 304 ಧಾರಾಳ ಸಾಕು, ಅಲ್ಲಿ 316ಕ್ಕೆ ಹಣ ಸುರಿಯುವ ಅಗತ್ಯವಿಲ್ಲ. ಸಮುದ್ರದ ಗಾಳಿ ತಾಗುವ ಕಂಬಿ, ಉಪ್ಪಿನಕಾಯಿ ತಯಾರಿಕೆಯ ದೊಡ್ಡ ಪಾತ್ರೆ, ಔಷಧ ಮತ್ತು ರಾಸಾಯನಿಕ ಘಟಕಗಳ ಟ್ಯಾಂಕುಗಳಿಗೆ ಮಾತ್ರ 316ಕ್ಕಿಂತ ಕಡಿಮೆಯದನ್ನು ಹಾಕುವುದು ಉಳಿತಾಯವಲ್ಲ, ಮುಂದಿನ ಖರ್ಚಿಗೆ ಮುಂಗಡ.

ಲೋಹಶಾಸ್ತ್ರ ಎಂದರೆ ಹಳೆಯ ಕಾಲದ ವಿಷಯ, ಕಂಪ್ಯೂಟರ್ ಒಂದೇ ಭವಿಷ್ಯ ಎಂಬ ಭಾವನೆ ಹೆತ್ತವರಲ್ಲಿ ಬೇರೂರಿದೆ. ಆದರೆ ಅದಿರನ್ನು ಶುದ್ಧಗೊಳಿಸುವ, ಗುಜರಿಯಿಂದ ಅಪರೂಪದ ಲೋಹಗಳನ್ನು ಮರಳಿ ಪಡೆಯುವ ವಿದ್ಯೆ ಬಲ್ಲವರ ಅಗತ್ಯ ದೇಶಕ್ಕೆ ಹೆಚ್ಚುತ್ತಲೇ ಹೋಗಲಿದೆ. ಸುರತ್ಕಲ್‌ನ ಎನ್‌ಐಟಿಕೆ, ಪೊವಾಯಿಯ ಐಐಟಿಗಳಲ್ಲಿ ಇದಕ್ಕಾಗಿಯೇ ವಿಭಾಗಗಳಿವೆ. ಕನ್ನಡ ಸಂಘಗಳು ಪ್ರತಿ ವರ್ಷ ಏರ್ಪಡಿಸುವ ಶೈಕ್ಷಣಿಕ ಮಾರ್ಗದರ್ಶನ ಶಿಬಿರಗಳಲ್ಲಿ ಈ ಕ್ಷೇತ್ರಕ್ಕೂ ಒಂದು ಗಂಟೆ ಮೀಸಲಿಟ್ಟರೆ, ಸಮಾಜದ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಈ ದಾರಿ ಹಿಡಿದಾರು. ವಿದೇಶದಿಂದ ತರಿಸುವ ಪ್ರತಿ ಕಿಲೋ ಲೋಹಕ್ಕೂ ಬೆಲೆ ತೆರುವ ದೇಶಕ್ಕೆ ಅಂಥ ಒಬ್ಬಿಬ್ಬರೂ ದೊಡ್ಡ ಆಸ್ತಿಯೇ ಸರಿ.